ಅಂಕಪಟ್ಟಿಯಲ್ಲಿ ಇಲ್ಲದ ದೂರ: ಶಿಶುಗಳ ಮಿದುಳು ಶಸ್ತ್ರಚಿಕಿತ್ಸೆಯ ಪುರಾವೆ ಕುರಿತು ಒಂದು ಟಿಪ್ಪಣಿ

ಕೂಸಿನ ತಲೆಯಲ್ಲಿ ನೀರು ತುಂಬುವ ಹೈಡ್ರೊಕೆಫಲಸ್‌ಗೆ ಮುಖ್ಯವಾಗಿ ಎರಡು ಶಸ್ತ್ರಚಿಕಿತ್ಸೆಗಳಿವೆ. ಒಂದು ಶಂಟ್: ಮಿದುಳಿನ ಕುಹರದಿಂದ ಹೊಟ್ಟೆಗೆ ಚರ್ಮದಡಿ ಇಳಿಸುವ ಸಣ್ಣ ಕೊಳವೆ. ಇನ್ನೊಂದು ಇಟಿವಿ: ಎಂಡೊಸ್ಕೋಪ್ ಹಾಯಿಸಿ, ಮೂರನೆಯ ಕುಹರದ ತಳದಲ್ಲಿ ರಂಧ್ರ ಮಾಡಿ ನೀರಿಗೆ ಬೇರೆ ದಾರಿ ಕೊಡುವುದು. ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಐನಾಪುರದಂಥ ಊರಿನ ಮಗುವಿಗೆ ಯಾವುದು ಮೇಲು?

ಇಟಿವಿ ಫಲಿಸುವ ಸಾಧ್ಯತೆ ಅಳೆಯಲು ಟೊರಾಂಟೊದ ಅಭಯ ಕುಲಕರ್ಣಿ ಮತ್ತು ಸಂಗಡಿಗರು 2009ರಲ್ಲಿ ಅಂಕಪಟ್ಟಿಯೊಂದನ್ನು ರೂಪಿಸಿದರು. ಅದರಲ್ಲಿರುವುದು ಮೂರೇ ಬಾಬತ್ತು: ವಯಸ್ಸು, ಕಾರಣ, ಹಿಂದೆ ಶಂಟ್ ಹಾಕಿದೆಯೇ ಎಂಬುದು. ಸೋಂಕಿನ ನಂತರ ನೀರು ತುಂಬಿದ ಮೂರು ತಿಂಗಳ ಕೂಸಿಗೆ, ಹಿಂದೆ ಶಂಟ್ ಹಾಕಿರದಿದ್ದರೆ, 10+0+10, ಅಂದರೆ 20. ಮಿದುಳಿನೊಳಗಿನ ನಾಳ ಕಿರಿದಾಗಿರುವ ಎರಡು ವರ್ಷದ ಮಗುವಿಗೆ 40+30+10, ಅಂದರೆ 80. ಆರು ತಿಂಗಳವರೆಗಿನ ಯಶಸ್ಸಿನ ಶೇಕಡಾವಾರು ಅಂದಾಜೂ ಹೆಚ್ಚುಕಡಿಮೆ ಇದೇ.

ಉಗಾಂಡದ ಎಂಬಾಲೆಯಲ್ಲಿ ಬೆಂಜಮಿನ್ ವಾರ್ಫ್ ಇಟಿವಿಯ ಜೊತೆಗೆ ನೀರು ಸ್ರವಿಸುವ ಅಂಗಾಂಶವನ್ನೂ ಸುಡುವ ವಿಧಾನ ಬೆಳೆಸಿದರು. ಶಂಟ್ ಕೆಟ್ಟಾಗ ದೂರದ ಊರಿನವರು ಹೊತ್ತಿಗೆ ಸರಿಯಾಗಿ ಮರಳಿ ಬರಲಾರರು ಎಂಬುದು ಅದರ ಹಿಂದಿನ ಕಾರಣ. 2017ರಲ್ಲಿ ಪ್ರಕಟವಾದ ಅಲ್ಲಿಯ ಯಾದೃಚ್ಛಿಕ ಪ್ರಯೋಗದಲ್ಲಿ ಸೋಂಕಿನ ನಂತರ ನೀರು ತುಂಬಿದ, ಆರು ತಿಂಗಳೊಳಗಿನ 100 ಶಿಶುಗಳಿದ್ದವು. ವರ್ಷದೊಳಗೆ ವಿಫಲವಾದದ್ದು ಎಂಡೊಸ್ಕೋಪ್ ಗುಂಪಿನಲ್ಲಿ ಶೇ 35, ಶಂಟ್ ಗುಂಪಿನಲ್ಲಿ ಶೇ 24. ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಈ ಅಂತರ ಖಚಿತವಲ್ಲ. ಬುದ್ಧಿಯ ಬೆಳವಣಿಗೆಯಲ್ಲೂ ಖಚಿತ ವ್ಯತ್ಯಾಸ ಕಾಣಲಿಲ್ಲ. ಇಷ್ಟರಿಂದಲೇ ಎರಡೂ ಸಮ ಎನ್ನಲಾಗದು. 100 ಶಿಶುಗಳ ಪ್ರಯೋಗಕ್ಕೆ ಅಷ್ಟು ಹೇಳುವ ಶಕ್ತಿಯಿಲ್ಲ.

ವೈಫಲ್ಯದ ಕಾಲವೂ ಬೇರೆ. ಇಟಿವಿ ಕೈಕೊಟ್ಟರೆ ಬಹುಪಾಲು ಮೊದಲ ಆರು ತಿಂಗಳಲ್ಲೇ. ಶಂಟ್ ಯಾವ ವರ್ಷ ಬೇಕಾದರೂ ಕಟ್ಟಿಕೊಳ್ಳಬಹುದು. ಆಗ ವಾಂತಿ, ಮಂಪರು. ಮುಂದಿನದು ಗಂಟೆಗಳ ಲೆಕ್ಕ. ಬೆಂಗಳೂರಿನ ನಿಮ್ಹಾನ್ಸ್ ಕಲಬುರಗಿಯಿಂದಲೇ ಸುಮಾರು 600 ಕಿ.ಮೀ.; ಐನಾಪುರದವರಿಗೆ ಹೈದರಾಬಾದೇ ಹತ್ತಿರ. ಅಂಕಪಟ್ಟಿಯಲ್ಲಿ ಈ ದೂರಕ್ಕೆ ಕಾಲಂ ಇಲ್ಲ.

ಮುಂದಿನದು ಪ್ರಯೋಗದಲ್ಲಿ ಸಾಬೀತಾದದ್ದಲ್ಲ, ನನ್ನ ತೀರ್ಮಾನ. 80 ಅಂಕದ ಮಗುವಿಗೆ ದೂರವೂ ಇಟಿವಿಯ ಪರವೇ. 20 ಅಂಕದ ಕೂಸಿಗೆ ಊರು ದೂರವೆಂದು ಶಂಟ್ ತಪ್ಪಿಸಿದರೆ ಅಪಾಯವನ್ನು ಬೇಗನೆ ಬರಮಾಡಿಕೊಂಡಂತೆ. ಅಂಥ ಕೂಸಿಗೆ ಶಸ್ತ್ರಚಿಕಿತ್ಸೆಯಷ್ಟೇ ಮುಖ್ಯವಾದದ್ದು ಅಂಗನವಾಡಿಯ ಅಳತೆಪಟ್ಟಿ. ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿನವರೆಗೆ ಸುತ್ತಿ ಅಳೆದರೆ, ಮೊದಲ ಮೂರು ತಿಂಗಳಲ್ಲಿ ತಲೆಯ ಸುತ್ತಳತೆ ತಿಂಗಳಿಗೆ ಸುಮಾರು 2 ಸೆಂ.ಮೀ. ಬೆಳೆಯುವುದು ಸಹಜ. ಅದನ್ನು ಮೀರಿದರೆ ವಾಂತಿಗೆ ಕಾಯದೆ ಹೊರಡಬೇಕು.