ಅವ್ವನ ಕಂದೀಲು

ನಮ್ಮ ಮನೆಯ ಆಲ್ಬಮ್ಮಿನ ಕೊನೆಯ ಹಾಳೆಯಲ್ಲಿ ಒಂದು ಫೋಟೋ ಇದೆ. ನೋಡಿದವರೆಲ್ಲ, "ಕೆಟ್ಟು ಹೋದದ್ದನ್ನ ಯಾಕ ಇಟಗೊಂಡೀರಿ?" ಎಂದು ಕೇಳುತ್ತಾರೆ. ಕತ್ತಲು ತುಂಬಿದ ಅಂಗಳ. ಒಂದು ಬದಿಗೆ ಮಸುಕಾಗಿ ಬೇವಿನ ಮರದ ಬೊಡ್ಡೆ. ಅಡುಗೆಮನೆಯ ಬಾಗಿಲಿನಿಂದ ದನದ ಕೊಟ್ಟಿಗೆಯವರೆಗೆ ಅಂಕುಡೊಂಕಾಗಿ ಹರಿದ ಒಂದು ಬಿಳಿ ಗೆರೆ. ಅಷ್ಟೇ. ಆ ಗೆರೆ ನಮ್ಮ ಅವ್ವ.

ಅದನ್ನು ತೆಗೆದವನು ನನ್ನ ಸೋದರಮಾವ. ಕೊಟ್ಟೂರಿನಲ್ಲಿ ಮಾಸ್ತರನಾಗಿದ್ದ. ಯಾರಿಂದಲೋ ಹಳೆಯ ಕೊಡಕ್ ಬ್ರೌನಿ ಡಬ್ಬಿ ಕ್ಯಾಮರಾ ಕೊಂಡಿದ್ದ. 120 ಅಳತೆಯ ಒಂದು ರೋಲಿಗೆ ಎಂಟೇ ಚಿತ್ರ. ಅದರ ಮೇಲಿದ್ದ ಒಂದು ಕಡ್ಡಿಯನ್ನು ಎಳೆದರೆ ಮುಚ್ಚಳ ತೆರೆದೇ ಇರುತ್ತಿತ್ತು. ನಾವು ಎಣಿಸಿದಷ್ಟು ಹೊತ್ತು ಬೆಳಕು ಒಳಗೆ ಹೋಗುತ್ತಿತ್ತು. ರಾತ್ರಿ ಫೋಟೋ ತೆಗೆಯುವ ಹುಚ್ಚು ಅವನಿಗೆ ಹತ್ತಿದ್ದು ಆ ಕಡ್ಡಿಯಿಂದಲೇ.

1969ರ ಕಾರ್ತಿಕ ಮಾಸ. ಕೋಗಳಿ ಸೀಮೆಯ ನಮ್ಮ ಹಳ್ಳಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಮಾವ ಕಟ್ಟೆಯ ಮೇಲೆ ಸೇರು ಬೋರಲು ಹಾಕಿ, ಅದರ ಮೇಲೆ ಕ್ಯಾಮರಾ ಇಟ್ಟು ಕೂಗಿದ.

"ಅಕ್ಕಾ, ಒಂದೀಟು ಅಲ್ಲೇ ನಿಂದ್ರು."

"ನಿಂದ್ರಾಕ ಪುರಸೊತ್ತು ಎಲ್ಲೈತಪ್ಪಾ? ಎಮ್ಮಿ ಒದರಾಕ ಹತ್ತೈತಿ" ಎಂದು ಅವ್ವ ಕಂದೀಲು ಹಿಡಿದು ನಡೆದೇಬಿಟ್ಟಳು. ಮಾವ ಕಡ್ಡಿ ಎಳೆದಿದ್ದ. ಕಾಲು ಗಂಟೆ ಹಾಗೇ ಬಿಟ್ಟ.

ಕತ್ತಲಲ್ಲಿ ನಡೆಯುವ ಮನುಷ್ಯರ ಮೈಯಿಂದ ಬರುವ ಬೆಳಕು ತೀರ ಕಡಿಮೆ. ಒಂದು ಕಡೆ ನಿಲ್ಲದೆ ಹೋದರೆ ಅದು ಫಿಲ್ಮಿನ ಮೇಲೆ ಮೂಡುವುದೇ ಇಲ್ಲ. ದೀಪ ಮಾತ್ರ ಹೋದ ಹಾದಿಯನ್ನೆಲ್ಲ ಗೀಚುತ್ತಾ ಹೋಗುತ್ತದೆ. ಹಾಗಾಗಿ ಅವ್ವ ಅಳಿಸಿಹೋದಳು, ಕಂದೀಲು ಉಳಿಯಿತು.

ಇದು ನಮ್ಮ ಅವ್ವನೊಬ್ಬಳ ಕತೆಯಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ನಮ್ಮ ಪಕ್ಕದ ಹಂಪಿಯಲ್ಲಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರ ತೆಗೆದ. ಆ ಕಾಗದಕ್ಕೆ ಹಾಡುಹಗಲಿನಲ್ಲೂ ನಿಮಿಷಗಟ್ಟಲೆ ಬೆಳಕು ಬೇಕಾಗಿತ್ತು. ಕಲ್ಲಿನ ಕಂಬಗಳು ಅಲುಗಾಡದೆ ನಿಂತವು, ಚಿತ್ರದಲ್ಲಿ ಉಳಿದವು. ಓಡಾಡುವ ಜನ ಉಳಿಯಲಿಲ್ಲ. ಹಗಲಿನ ಪಾಡೇ ಹೀಗಿದ್ದಾಗ ರಾತ್ರಿಯ ಮಾತೆಲ್ಲಿ!

1887ರಲ್ಲಿ ಜರ್ಮನಿಯಲ್ಲಿ ಮೆಗ್ನೀಸಿಯಂ ಬೆರೆಸಿದ ಮಿಂಚುಪುಡಿ ಬಂತು. ಢಗ್ಗೆಂದು ಉರಿದು, ಕೋಣೆಯ ತುಂಬ ಹೊಗೆ ಎಬ್ಬಿಸುತ್ತಿದ್ದ ಪುಡಿ. 1930ರ ಸುಮಾರಿಗೆ ಒಂದೇ ಸಲ ಉರಿದು ಹೋಗುವ ಫ್ಲಾಶ್ ಬಲ್ಬು ಬಂತು. ಈ ನಡುವೆ ಮಿಂಚಿನ ಹಂಗಿಲ್ಲದೆ, ಇದ್ದ ಬೆಳಕಿನಲ್ಲೇ ರಾತ್ರಿಯನ್ನು ಹಿಡಿಯಲು ಹೊರಟವರೂ ಇದ್ದರು. ಅವರಲ್ಲಿ ಬಹಳ ಮಂದಿ ಹವ್ಯಾಸಿಗಳು. ಲಂಡನ್ನಿನ ಪಾಲ್ ಮಾರ್ಟಿನ್ ಹಗಲೆಲ್ಲ ಮರದ ಅಚ್ಚು ಕೊರೆಯುವ ಕೆಲಸದವನು. 1890ರ ದಶಕದಲ್ಲಿ ಗ್ಯಾಸ್ ದೀಪಗಳ ಬೀದಿಗಳನ್ನು ರಾತ್ರಿ ಚಿತ್ರಿಸಿ ಹೆಸರಾದ. ದುಡಿಯುವವರಿಗೆ ಬಿಡುವು ಸಿಗುವುದು ರಾತ್ರಿ ತಾನೆ?

ನಮ್ಮ ನಾಡಿನ ರಾತ್ರಿಯೂ ಬದಲಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ದಸರೆಯಲ್ಲಿ ಸುಮಾರು ಒಂದು ಲಕ್ಷ ಬಲ್ಬುಗಳಿಂದ ಬೆಳಗುವ ಮೈಸೂರು ಅರಮನೆಯ ಮುಂದೆ ಮುಕ್ಕಾಲಿ ಊರಿ ನಿಲ್ಲದ ಹವ್ಯಾಸಿ ಇಲ್ಲವೇನೋ! ಆದರೆ ಅಂಥ ಹವ್ಯಾಸಿಗಳಲ್ಲಿ ಹೆಂಗಸರೆಷ್ಟು? ಹೋಮೈ ವ್ಯಾರವಾಲಾ ಎಂಬ ಧೀರೆ (1913-2012) ದೆಹಲಿಯಲ್ಲಿ ಸೀರೆಯುಟ್ಟು, ಭಾರದ ಕ್ಯಾಮರಾ ಹೊತ್ತು ಓಡಾಡಿ, ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಎನಿಸಿದರು. 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ಅವರದು ವೃತ್ತಿ. ನಮ್ಮಂಥವರು ಹವ್ಯಾಸಕ್ಕೆಂದು ರಾತ್ರಿ ಬೀದಿಯಲ್ಲಿ ನಿಂತರೆ ಊರು ಸುಮ್ಮನಿರುತ್ತದೆಯೆ?

ಮಾವ ತನ್ನ ಡಬ್ಬಿಯನ್ನು ಕಡೆಗೆ ನನಗೇ ಕೊಟ್ಟ. ಮದುವೆಯಾಗಿ ಹರಪನಹಳ್ಳಿಗೆ ಬಂದ ಮೇಲೆ ನಾನು ಬೀದಿಗಿಳಿಯಲಿಲ್ಲ, ಮಾಳಿಗೆ ಹತ್ತಿದೆ. ಕೊಟ್ಟೂರಿಗೆ ಗುರುಬಸವೇಶ್ವರನ ಕಾರ್ತಿಕಕ್ಕೆ ಹೋದಾಗಲೂ ಮಾವನ ಮನೆಯ ಮಾಳಿಗೆಯೇ ನನ್ನ ಸ್ಟುಡಿಯೋ. ಕಲಿತದ್ದೆಲ್ಲ ಕೆಡಿಸಿ ಕೆಡಿಸಿಯೇ. ಹೊತ್ತು ಹೆಚ್ಚಾದಂತೆ ಫಿಲ್ಮು ಮಂದವಾಗುತ್ತದೆ. ಲೆಕ್ಕದಲ್ಲಿ ಒಂದು ನಿಮಿಷ ಬಂದರೆ ಎರಡು ನಿಮಿಷ ಬಿಡಬೇಕು. ಗಾಳಿ ಬೀಸಿದರೆ ಹಣತೆಯ ಕುಡಿ ಹೂವಿನ ಹಾಗೆ ಅರಳುತ್ತದೆ. ಮಕ್ಕಳು ಮಲಗಿದ ಮೇಲೆ, ಪಾತ್ರೆ ತೊಳೆದಿಟ್ಟ ಮೇಲೆ ಮನೆಯೊಳಗಿನ ಫೋಟೋ. ಒಲೆಯಲ್ಲಿ ಉಳಿದ ಕೆಂಡ, ದೇವರ ಗೂಡಿನ ದೀಪ, ಕಿಟಕಿಯ ಸರಳಿನ ನೆರಳು. ತೊಳೆಸಿ ತಂದ ಎಂಟರಲ್ಲಿ ಎರಡು ಚೆನ್ನಾಗಿ ಬಂದರೆ ಆ ವಾರವೆಲ್ಲ ಹಬ್ಬ.

ನಮ್ಮ ಕಡೆಯ ಈ ಹಳ್ಳಿಗಳೆಲ್ಲ ಚಾಲುಕ್ಯರ ಕಾಲದಲ್ಲಿ 'ಕೋಗಳಿ ಐನೂರು' ಎಂಬ ನಾಡಿಗೆ ಸೇರಿದ್ದವು. ಕನ್ನಡ ನಾಡಿನ ಎಷ್ಟೋ ಶಾಸನಗಳಲ್ಲಿ ನಂದಾದೀವಿಗೆಗೆ ಎಣ್ಣೆ ಬಿಟ್ಟವರ, ಗಾಣ ಬಿಟ್ಟವರ ಹೆಸರಿದೆ. ದಿನವೂ ಬತ್ತಿ ಹೊಸೆದವರ ಹೆಸರು ಮಾತ್ರ ಸಿಗುವುದು ಕಷ್ಟ. ಹಂಪಿಯ ಹಳೆಯ ಫೋಟೋಗಳಲ್ಲಿ ಜನ ಕಾಣದಿರುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ ಎಂದು ನನಗೆ ಅನ್ನಿಸುತ್ತದೆ. ನಿಂತದ್ದು ಉಳಿಯುತ್ತದೆ, ದುಡಿಯುತ್ತಾ ಓಡಾಡಿದ್ದು ಅಳಿಯುತ್ತದೆ.

1974ರಲ್ಲಿ ಅವ್ವ ತೀರಿಕೊಂಡಳು. ಗೋಡೆಗೆ ಹಾಕಲು ಫೋಟೋ ಹುಡುಕಿದರೆ ಒಂದೂ ಇಲ್ಲ. ಅವಳ ಮದುವೆಯಲ್ಲಿ ಫೋಟೋ ತೆಗೆಸಿರಲಿಲ್ಲ. ಆಮೇಲೆ ಅವಳು ನಿಂತಿರಲಿಲ್ಲ. ಇದ್ದ ಒಂದೇ ನೆಗೆಟಿವ್ ಒಯ್ದರೆ ಸ್ಟುಡಿಯೋದವರು "ಇದ್ರಾಗ ಏನೂ ಇಲ್ಲಮ್ಮ, ವೇಸ್ಟು" ಎಂದು ಹಿಂದಕ್ಕೆ ಕೊಟ್ಟರು. ಅಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡು ಮಾತಿಲ್ಲದೆ ಬಸ್ಸು ಹತ್ತಿದ್ದು ನನಗೆ ನೆನಪಿದೆ.

ಈಗಿನ ಮೊಬೈಲು ಕತ್ತಲಲ್ಲಿ ನಾಲ್ಕಾರು ಸೆಕೆಂಡಿನಲ್ಲಿ ಹತ್ತಾರು ಚಿತ್ರ ತೆಗೆದು, ಒಂದರ ಮೇಲೊಂದು ಹೊಂದಿಸಿ, ರಾತ್ರಿಯನ್ನು ಸಂಜೆ ಮಾಡಿಬಿಡುತ್ತದೆ. ಅಂದು ಅದಿದ್ದಿದ್ದರೆ ಅವ್ವನ ಮುಖ ಉಳಿಯುತ್ತಿತ್ತೇನೋ. ಹೋದ ವರ್ಷ ನನ್ನ ತಮ್ಮ, "ಅಕ್ಕಾ, ನಿನ್ನ ಮುಖ ಅವ್ವನ ಹಂಗ ಐತಿ. ಕಂಪ್ಯೂಟರಿನಾಗ ನಿನ್ನ ಫೋಟೋ ಹಾಕಿ ಅವ್ವನ್ನ ಮಾಡಿಸೋಣು" ಎಂದ. ಮಾಡಿಸಿಯೂ ತಂದ. ರೇಷ್ಮೆ ಸೀರೆ, ಹಣೆತುಂಬ ಕುಂಕುಮ, ಹಲ್ಲು ಕಾಣುವ ನಗು. ಚೆಲುವೆಯೇ, ಆದರೆ ಯಾರೋ. ಆ ಹೆಂಗಸು ಒಂದು ದಿನವೂ ಎಮ್ಮೆ ಹಿಂಡಿದವಳಲ್ಲ.

ನಾನು ಹಳೆಯ ಫೋಟೋ ತೆಗೆದು ತಮ್ಮನ ಮುಂದಿಟ್ಟೆ. ಗೆರೆ ಎರಡು ಕಡೆ ದಪ್ಪಗಾಗಿದೆ ನೋಡು ಎಂದೆ. ಒಂದು ಬಾನಿಯ ಹತ್ತಿರ. ಅಲ್ಲಿ ಕಂದೀಲು ಇಟ್ಟು ಮುಸುರೆ ತೆಗೆದುಕೊಂಡಿದ್ದಾಳೆ. ಇನ್ನೊಂದು ಕೊಟ್ಟಿಗೆಯಲ್ಲಿ, ದೊಡ್ಡ ಬೆಳಕಿನ ಮುದ್ದೆ. ಅಲ್ಲಿ ಕೂತು ಹಾಲು ಹಿಂಡಿದ್ದಾಳೆ. ಬೇವಿನ ಮರದ ಬಳಿ ಗೆರೆ ಒಂದಿಷ್ಟು ಕೆಳಗಿಳಿದಿದೆ. ಅಲ್ಲಿ ನಾನು ಮಲಗಿದ್ದೆ. ಬಗ್ಗಿ ಹೊದಿಕೆ ಸರಿಮಾಡಿರಬೇಕು. ತಮ್ಮ ಬಹಳ ಹೊತ್ತು ಬೆರಳಿನಿಂದ ಆ ಗೆರೆಯನ್ನೇ ಸವರುತ್ತಾ ಕೂತ. ಮಾಡಿಸಿ ತಂದ ಚಿತ್ರವನ್ನು ಮತ್ತೆ ಎತ್ತಲಿಲ್ಲ.

ಈಗ ಅದು ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಕಟ್ಟು ಹಾಕಿಸಿ ತಂದ ದಿನ ಸೊಸೆ ಕುಂಕುಮದ ಬಟ್ಟಲು ಹಿಡಿದು ಬಂದು, "ಅತ್ತೀ, ಎಲ್ಲಿ ಹಚ್ಚಲಿ?" ಎಂದು ಕೇಳಿದಳು. ಗೆರೆ ಶುರುವಾಗುವ ಅಡುಗೆಮನೆಯ ಬಾಗಿಲನ್ನು ತೋರಿಸಿದೆ.