ಜಟ್ಟಿಯ ಕೈಗುಣ

ಮೈಸೂರು ದಸರೆಯ ವಜ್ರಮುಷ್ಟಿ ಕಾಳಗವನ್ನು ಅರಿಯದವರಿಲ್ಲ. ತಲೆ ಬೋಳಿಸಿಕೊಂಡ ಜಟ್ಟಿಗಳು ಅರಮನೆಯ ಅಂಗಳಕ್ಕಿಳಿಯುತ್ತಾರೆ, ನೆತ್ತರು ಕಂಡೊಡನೆ ಕಾಳಗ ಮುಗಿಯುತ್ತದೆ. ಆ ಕೈಗಳಿಗೆ ಇನ್ನೊಂದು ಕಸುಬಿತ್ತು: ಉಳುಕು ತೆಗೆಯುವುದು, ಹಿಡಿದುಕೊಂಡ ನರ ನೀವುವುದು. ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಹೊರತಂದಾಗ ಜಟ್ಟಿಗಳ ಕುಸ್ತಿಯ ಜೊತೆಗೇ ಇದನ್ನೂ ದಾಖಲಿಸಿದ. ತೆಲುಗು ಸೀಮೆಯಲ್ಲಿ ಅವರು ಮೈ ತಿಕ್ಕಿ, ಲೇಪ ಹಚ್ಚಿ ನರನೋವು ವಾಸಿ ಮಾಡುತ್ತಿದ್ದರಂತೆ. ತಂಜಾವೂರಿನ ಅರಸೊತ್ತಿಗೆ ಅಳಿದ ಮೇಲೆ ಅಲ್ಲಿನ ಜಟ್ಟಿಗಳಲ್ಲಿ ಬಹುಪಾಲು ಮಂದಿ ಮೈಸೂರು ಮೊದಲಾದ ಸಂಸ್ಥಾನಗಳಿಗೆ ವಲಸೆ ಹೋದರು.

ಎಣ್ಣೆಗೂ ಮಲ್ಲರಿಗೂ ಇರುವ ನಂಟು ಇನ್ನೂ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಸುಮಾರಿಗೆ ಬರೆದ ಮಾನಸೋಲ್ಲಾಸದಲ್ಲಿ ಅರಸನ ಅಭ್ಯಂಗವೂ ಇದೆ, ಮಲ್ಲವಿನೋದವೂ ಇದೆ. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸ್, ಕೃಷ್ಣದೇವರಾಯ ಬೆಳಗಾಗುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಬೆವರಿಳಿಯುವವರೆಗೆ ಕಸರತ್ತು ಮಾಡಿ, ಮಲ್ಲನೊಬ್ಬನ ಜೊತೆ ಕುಸ್ತಿಗಿಳಿಯುತ್ತಿದ್ದನೆಂದು ಬರೆದಿದ್ದಾನೆ.

ನಾನು ಮೈಸೂರಿನ ಗರಡಿಯೊಂದರ ಮೆಟ್ಟಿಲಿಳಿದದ್ದು ಈ ಚರಿತ್ರೆಗಾಗಿ ಅಲ್ಲ, ಹೆಗಲು ನೋವಿಗಾಗಿ. ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬರೆದ ಬಲಗೈ ಕಿವಿಯ ಮಟ್ಟಕ್ಕೂ ಏಳುತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿಯೇ ಇತ್ತು. ಮಾತ್ರೆಯ ಬಲ ಇಳಿದರೆ ನೋವು ಮತ್ತೆ ಹಾಜರು. ಗರಡಿಯ ಉಸ್ತಾದರು ಮೊದಲು ಹಿಡಿದದ್ದು ನನ್ನ ಎಡ ಹೆಗಲನ್ನು. ನೋವಿರುವುದು ಬಲಕ್ಕೆ ಎಂದೆ. "ಗೊತ್ತು ಮೇಷ್ಟ್ರೇ. ಚೆನ್ನಾಗಿರೋದು ಹೆಂಗೆ ತಿರುಗುತ್ತೆ ನೋಡ್ದೆ, ಕೆಟ್ಟಿರೋದನ್ನ ಹೆಂಗೆ ಹಿಡೀಲಿ?" ಎಂದರು. ಆಮೇಲೆ ಬಿಸಿ ಮಾಡಿದ ಎಳ್ಳೆಣ್ಣೆ ಹಚ್ಚಿ, ಬೆನ್ನಿನ ರೆಕ್ಕೆಮೂಳೆಯ ಅಂಚಿನಿಂದ ಹೆಬ್ಬೆರಳಿನಲ್ಲಿ ಒತ್ತುತ್ತ ಮೇಲೆ ಬಂದರು. ನೋವಿನ ಜಾಗ ಮುಟ್ಟಿದ್ದು ಎಲ್ಲಕ್ಕಿಂತ ಕೊನೆಗೆ.

ಈ ವಿದ್ಯೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ. ಗರಡಿಯ ಕೆಮ್ಮಣ್ಣಿನಲ್ಲಿ ಸಾಮು ಮುಗಿಸಿದ ಪೈಲ್ವಾನರು ಒಬ್ಬರ ಮೈ ಒಬ್ಬರು ತಿಕ್ಕುತ್ತಾರೆ. ಎದುರಾಳಿಯ ಕೀಲು ಯಾವ ಕೋನದಲ್ಲಿ ಸೋಲುತ್ತದೆಂದು ಪಟ್ಟು ಹಾಕಿ ತಿಳಿದ ಕೈಗೆ, ಅದನ್ನು ಎಲ್ಲಿ ಸಡಿಲಿಸಬೇಕೆಂಬುದೂ ತಿಳಿಯುತ್ತದೆ. ನನ್ನ ನೋವು ಪೂರ್ತಿ ಹೋಗಿಲ್ಲ. ಆದರೆ ತಲೆ ಬಾಚಿಕೊಳ್ಳುತ್ತೇನೆ, ಬಲಮಗ್ಗುಲಾಗಿ ಮಲಗುತ್ತೇನೆ. ಬಿದ್ದು ಊದಿಸಿಕೊಂಡು ಬಂದವರನ್ನು ಉಸ್ತಾದರು ಮುಟ್ಟುವುದೇ ಇಲ್ಲ, ಮೊದಲು ಆಸ್ಪತ್ರೆಗೆ ಕಳಿಸುತ್ತಾರೆ. ಅವರ ಮೇಲೆ ನನಗೆ ಗೌರವ ಹೆಚ್ಚಿದ್ದು ಅದರಿಂದಲೇ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆ ನಮ್ಮ ನಾಲಿಗೆಯ ಮೇಲಿದೆ, ಗೆದ್ದವರ ಪಟಗಳು ಗರಡಿಯ ಗೋಡೆಗಳಲ್ಲಿವೆ. ನೀವುವ ಕ್ರಮ, ಎಣ್ಣೆಯ ಹದ, ಯಾವ ನೋವಿಗೆ ಕೈ ಹಾಕಬಾರದೆಂಬ ವಿವೇಕ ಮಾತ್ರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗಷ್ಟೇ ದಾಟುತ್ತಿವೆ, ಕಲಿಯಲು ಬರುವ ಹುಡುಗರೋ ಕಡಿಮೆಯಾಗುತ್ತಿದ್ದಾರೆ. ನಿಮ್ಮೂರಿನ ಗರಡಿಯಲ್ಲಿ ಹಿರಿಯ ಉಸ್ತಾದರಿದ್ದರೆ ಹೋಗಿ ಕುಳಿತು, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ.