ಗೃಹಬಳಕೆಯ ಎಣ್ಣೆ ಜಲತಾಪಕ: ಅದರ ರಕ್ಷಣೋಪಾಯಗಳ ಇತಿಹಾಸ

ಬಚ್ಚಲಿನ ಹಂಡೆಯಲ್ಲಿ ನೀರು ಕಾಯಿಸುವ ನಮ್ಮ ಹಳೆಯ ಪದ್ಧತಿಯಲ್ಲಿ ಕಣ್ಣುರಿಸುವ ಹೊಗೆಯಿತ್ತೇ ಹೊರತು ಸ್ಫೋಟದ ಭಯವಿರಲಿಲ್ಲ. ಹಂಡೆಯ ಬಾಯಿ ತೆರೆದಿರುವುದರಿಂದ ಆವಿಯು ತಾನಾಗಿಯೇ ಹೊರಬೀಳುತ್ತದೆ. ಮುಚ್ಚಿದ ಪಾತ್ರೆಯಲ್ಲಿ ನೀರನ್ನು ಒತ್ತಡಕ್ಕೊಳಪಡಿಸಿ ಮನೆಯೊಳಗೇ ಕಾಯಿಸತೊಡಗಿದ ಪಾಶ್ಚಾತ್ಯ ದೇಶಗಳಲ್ಲಿ ಸ್ಫೋಟ, ವಿಷಾನಿಲ, ಉರಿಯದೆ ಉಳಿದ ಇಂಧನ ಎಂಬ ಮೂರು ಅಪಾಯಗಳು ಒದಗಿದುವು. ಅವುಗಳನ್ನು ತಡೆಯುವ ಉಪಾಯಗಳು ಬೆಳೆದುಬಂದ ಬಗೆಯನ್ನು ಇಲ್ಲಿ ಪರಿಶೀಲಿಸುತ್ತೇವೆ.

1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಎಂಬಾತನು ಅನಿಲದಿಂದ ನೀರು ಕಾಯಿಸುವ ಸಾಧನವೊಂದನ್ನು ರೂಪಿಸಿ, ಐಸ್‌ಲೆಂಡಿನ ಬಿಸಿನೀರಿನ ಬುಗ್ಗೆಯ ಹೆಸರನ್ನು ಅದಕ್ಕಿಟ್ಟನು. ಆ ಹೆಸರೇ ಇಂದು ನಮ್ಮ ಬಚ್ಚಲುಮನೆಗಳಲ್ಲಿ 'ಗೀಸರ್' ಆಗಿ ನೆಲೆಸಿದೆ. ಮಾನನ ಸಾಧನಕ್ಕೆ ಹೊಗೆಕೊಳವೆಯಿರಲಿಲ್ಲ. ಇಂಗಾಲದ ಮಾನಾಕ್ಸೈಡು ಮನುಷ್ಯನ ಮೇಲೆ ಮಾಡುವ ಪರಿಣಾಮವನ್ನು ಜೆ. ಎಸ್. ಹಾಲ್ಡೇನ್ ತಾನೇ ಆ ಅನಿಲವನ್ನು ಸೇವಿಸಿ ವಿವರಿಸಿದ್ದು 1895ರಲ್ಲಿ. ಬಣ್ಣವಿಲ್ಲದ, ವಾಸನೆಯಿಲ್ಲದ ಈ ವಿಷವು ಮುಚ್ಚಿದ ಬಚ್ಚಲುಮನೆಗಳಲ್ಲಿ ಇಂದಿಗೂ ಜೀವಗಳನ್ನು ತೆಗೆಯುತ್ತಿದೆ. ಕರ್ನಾಟಕದ ಅನಿಲ ಗೀಸರುಗಳೂ ಇದಕ್ಕೆ ಹೊರತಲ್ಲ.

ಸ್ಫೋಟದ ವಿಚಾರ ಇನ್ನೂ ಹಳೆಯದು. ಡೆನಿಸ್ ಪಾಪೆನ್ ಹದಿನೇಳನೆಯ ಶತಮಾನದಲ್ಲಿಯೇ ತನ್ನ ಒತ್ತಡದ ಪಾತ್ರೆಗೆ ರಕ್ಷಣಾ ಕವಾಟವನ್ನು ಅಳವಡಿಸಿದ್ದನು. ಆದರೂ 1905ರ ಮಾರ್ಚ್ 20ರಂದು ಅಮೆರಿಕದ ಬ್ರಾಕ್‌ಟನ್ನಿನ ಪಾದರಕ್ಷೆಯ ಕಾರ್ಖಾನೆಯಲ್ಲಿ ಹಳೆಯ ಬಾಯ್ಲರು ಸಿಡಿದು 58 ಜನ ಸತ್ತರು. ರಿವೆಟ್ಟುಗಳಿಂದ ಜೋಡಿಸಿದ ತಗಡಿನ ಒಳಗಡೆಯ ಬಿರುಕು ಹೊರಗೆ ಕಾಣುವಂತಿರಲಿಲ್ಲ. ಇಂಥ ದೋಷವನ್ನು ಕವಾಟವೊಂದೇ ನೀಗಲಾರದು. ಈ ದುರಂತದ ಬಳಿಕ ಮ್ಯಾಸಚೂಸೆಟ್ಸ್ ರಾಜ್ಯವು 1907ರಲ್ಲಿ ಬಾಯ್ಲರುಗಳ ನಿರ್ಮಾಣಕ್ಕೆ ಶಾಸನ ಮಾಡಿತು. ಅಮೆರಿಕದ ಯಂತ್ರಶಿಲ್ಪಿಗಳ ಸಂಘದ ನಿಯಮಾವಳಿ ಅದನ್ನು ಹಿಂಬಾಲಿಸಿತು. ಮನೆಯ ಜಲತಾಪಕ ಚಿಕ್ಕದೆಂದು ಉದಾಸೀನ ಮಾಡುವಂತಿಲ್ಲ. ಒತ್ತಡದಲ್ಲಿ ನೂರು ಡಿಗ್ರಿಗೂ ಮಿಗಿಲಾಗಿ ಕಾದ ನೀರು, ಪಾತ್ರೆ ಒಡೆದೊಡನೆ ಭಾಗಶಃ ಆವಿಯಾಗಿ ಸಿಡಿಯುತ್ತದೆ. ಆವಿಯಾದ ನೀರಿನ ಗಾತ್ರ ಸುಮಾರು 1,600 ಪಾಲು ಹಿಗ್ಗುತ್ತದೆ. ಆದುದರಿಂದಲೇ ಅಮೆರಿಕದ ಮನೆಗಳ ಜಲತಾಪಕಕ್ಕೆ ಚದರ ಅಂಗುಲಕ್ಕೆ 150 ಪೌಂಡು ಒತ್ತಡ ಅಥವಾ 99 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಇವೆರಡರಲ್ಲಿ ಯಾವುದು ಮೊದಲು ಬಂದರೂ ತೆರೆದುಕೊಳ್ಳುವ ಕವಾಟವನ್ನು ಜೋಡಿಸುವುದು ರೂಢಿಯಾಯಿತು. ಅದು ತೊಟ್ಟಿಕ್ಕುತ್ತಿದೆಯೆಂದು ಕೊಳವೆಯ ಬಾಯಿಗೆ ಬಿರಡೆ ಹೊಡೆಯುವ ಮನೆಯೊಡೆಯನು ಪಾಪೆನ್ನನ ಕಾಲಕ್ಕಿಂತಲೂ ಹಿಂದಕ್ಕೆ ಹೋಗುತ್ತಾನೆ!

ಎಣ್ಣೆಯ ಜಲತಾಪಕದ ವಿಶೇಷ ತೊಡಕು ಮೂರನೆಯದು. 1920ರ ದಶಕದಲ್ಲಿ ಅಮೆರಿಕದ ಮನೆಗಳಲ್ಲಿ ಎಣ್ಣೆಯ ಒಲೆಗಳು ಹರಡಿದುವು. ಮುಂದೆ ರೂಢಿಗೆ ಬಂದ ಮಾದರಿಯಲ್ಲಿ ಪಂಪು ಎಣ್ಣೆಯನ್ನು ಸುಮಾರು 100 ಪೌಂಡು ಒತ್ತಡದಲ್ಲಿ ಸಣ್ಣ ರಂಧ್ರದ ಮೂಲಕ ಮಂಜಿನಂತೆ ಸಿಂಪಡಿಸುತ್ತದೆ. ಸುಮಾರು 10,000 ವೋಲ್ಟಿನ ಕಿಡಿ ಅದನ್ನು ಹೊತ್ತಿಸುತ್ತದೆ. ಕಿಡಿ ಹಾರದಿದ್ದರೆ? ಪಂಪು ಎಣ್ಣೆಯನ್ನು ಸುರಿಯುತ್ತಲೇ ಇರುತ್ತದೆ. ಹೀಗೆ ಒಲೆಯಲ್ಲಿ ನಿಂತ ಎಣ್ಣೆಯು ಅನಂತರ ಒಮ್ಮೆಗೇ ಹೊತ್ತಿಕೊಂಡರೆ ಹೊಗೆಕೊಳವೆ ಕಳಚಿ ಮನೆಯೆಲ್ಲ ಮಸಿಯಾಗುವುದು, ಕೆಲವೊಮ್ಮೆ ಬೆಂಕಿಯೇ ಹತ್ತುವುದು.

ಇದನ್ನು ತಡೆಯಲು ಮೊದಲು ಹೊಗೆಕೊಳವೆಯಲ್ಲಿ ಎರಡು ಲೋಹಗಳ ಪಟ್ಟಿಯನ್ನಿಟ್ಟು ಹೊಗೆಯ ಶಾಖದಿಂದ ಉರಿಯನ್ನು ತಿಳಿಯುತ್ತಿದ್ದರು. ಪಟ್ಟಿ ಕಾಯಲು ಸಮಯ ಬೇಕು. ಮಸಿ ಕಟ್ಟಿದರೆ ಇನ್ನಷ್ಟು ತಡ. ಆ ತಡದ ಅವಧಿಯಲ್ಲಿ ಸುರಿದ ಎಣ್ಣೆಯೇ ಅಪಾಯದ ಅಳತೆ. ಬಳಿಕ ಬಂದ ಕ್ಯಾಡ್ಮಿಯಂ ಸಲ್ಫೈಡಿನ 'ಕಣ್ಣು' ಉರಿಯ ಬೆಳಕನ್ನೇ ಕಾಣುತ್ತದೆ. ಬೆಳಕು ಬಿದ್ದಾಗ ಅದರ ವಿದ್ಯುತ್ ಪ್ರತಿರೋಧವು ಕುಗ್ಗುತ್ತದೆ. ಕೆಲವು ಸೆಕೆಂಡುಗಳಲ್ಲಿ ಉರಿ ಕಾಣದಿದ್ದರೆ ಯಂತ್ರ ನಿಲ್ಲುತ್ತದೆ. ಇದನ್ನು ನಾವು ಈ ಇತಿಹಾಸದ ಮುಖ್ಯ ತಿರುವೆಂದು ಎಣಿಸುತ್ತೇವೆ.

ಆದರೆ ನಿಂತ ಯಂತ್ರವನ್ನು ಮತ್ತೆ ಹೊರಡಿಸುವ ಕೆಂಪು ಗುಂಡಿಯು ಮನುಷ್ಯನ ಕೈಯಲ್ಲಿಯೇ ಉಳಿಯಿತು. ತಣ್ಣೀರಿನಿಂದ ಬೇಸತ್ತವನು ಅದನ್ನು ಮತ್ತೆಮತ್ತೆ ಒತ್ತುವನು; ಪ್ರತಿಯೊಂದು ಒತ್ತಿನಲ್ಲಿಯೂ ಒಲೆಗೆ ಇನ್ನಷ್ಟು ಎಣ್ಣೆ. ಒಂದು ಸಲಕ್ಕಿಂತ ಹೆಚ್ಚು ಒತ್ತಬಾರದೆಂಬ ಸೂಚನೆಯನ್ನು ಓದಿಯೂ ಒತ್ತುವವರಿದ್ದಾರೆ. ಈಚಿನ ನಿಯಂತ್ರಕಗಳು ಈ ಒತ್ತುಗಳನ್ನೂ ಎಣಿಸುತ್ತವೆ: ಸತತವಾಗಿ ಮೂರು ಸಲ ಉರಿ ಹೊತ್ತದಿದ್ದರೆ ಗುಂಡಿಯ ಸಾಮಾನ್ಯ ಒತ್ತಿಗೆ ಯಂತ್ರವು ಜಗ್ಗುವುದಿಲ್ಲ, ತಂತ್ರಜ್ಞನೇ ಬಂದು ಬಿಡಿಸಬೇಕು.